ಮುಕ್ತ ತಂತ್ರಾಂಶದ ಅಂಗಳದಲ್ಲಿ ಮಹಿಳೆ ಎಲ್ಲಿ?

ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಮೊಬೈಲ್ ಇದೆಯಲ್ಲವೇ? ಅದರ ಒಳಗೆ ಲಿನಕ್ಸ್ ಎಂಬ ತಂತ್ರಾಂಶ ಹಗಲಿರುಳು ದುಡಿಯುತ್ತಿದೆ. ನೀವು ಇಂಟರ್ನೆಟ್ಟಿನಲ್ಲಿ ತೆರೆದು ನೋಡುವ ಪುಟಗಳ ಬಹುಪಾಲು ಲಿನಕ್ಸ್ ಇರುವ ಕಂಪ್ಯೂಟರುಗಳಿಂದಲೇ ಬರುತ್ತದೆ. ಇದಕ್ಕಾಗಿ ನೀವು ಯಾರಿಗೂ ಪ್ರತ್ಯೇಕವಾಗಿ ಹಣ ಕೊಟ್ಟಿಲ್ಲ. ಇಂತಹ ತಂತ್ರಾಂಶಗಳನ್ನು ಕಟ್ಟಿದವರಲ್ಲಿ, ವರ್ಷಾನುಗಟ್ಟಲೆ ಕಾಪಾಡಿಕೊಂಡು ಬಂದವರಲ್ಲಿ ಒಂದು ಪೈಸೆ ಸಂಬಳ ಪಡೆಯದವರೂ ಸಾವಿರಾರು ಮಂದಿ ಇದ್ದಾರೆ. ಬಿಡುವಿನ ವೇಳೆಯಲ್ಲಿ, ತಮ್ಮ ಮನೆಯಲ್ಲಿ ಕುಳಿತು, ಜಗತ್ತಿನ ಯಾವುದೋ ಮೂಲೆಯ ಅಪರಿಚಿತನಿಗಾಗಿ ಕೆಲಸ ಮಾಡಿದವರು ಅವರು.

ಈ ಕೆಲಸದ ಬಾಗಿಲಿಗೆ ಬೀಗವಿಲ್ಲ. ಪ್ರವೇಶ ಶುಲ್ಕವಿಲ್ಲ, ಪದವಿಯ ಪ್ರಮಾಣಪತ್ರ ಬೇಕಿಲ್ಲ, ಕಚೇರಿಗೆ ಹೋಗಬೇಕಿಲ್ಲ. ಒಂದು ಕಂಪ್ಯೂಟರು, ಒಂದಿಷ್ಟು ಸಮಯ, ಕಲಿಯುವ ಹಂಬಲ, ಇಷ್ಟಿದ್ದರೆ ಸಾಕು. ಮನೆಯಿಂದಲೇ ಮಾಡಬಹುದಾದ ಕೆಲಸವೆಂದ ಮೇಲೆ ಅಲ್ಲಿ ಮಹಿಳೆಯರೇ ತುಂಬಿರಬೇಕು ಎಂದು ನಿಮಗೆ ಅನಿಸಬಹುದು. ಆದರೆ ಒಳಗೆ ಇಣುಕಿ ನೋಡಿದರೆ ಕಾಣುವವರು ಬಹುತೇಕ ಗಂಡಸರೇ. ಬಾಗಿಲು ತೆರೆದಿಟ್ಟ ಮನೆಗೆ ಮಹಿಳೆಯರು ಏಕೆ ಬರಲಿಲ್ಲ? ಬಂದವರು ಏನು ಮಾಡಿದರು? ಆ ಮನೆಯ ಯಜಮಾನಿಕೆಗೆ ಅವರು ಸ್ಪರ್ಧಿಸಿದಾಗ ಏನಾಯಿತು? ಕಂಪ್ಯೂಟರ್ ಕಲಿತ ಹೆಣ್ಣುಮಕ್ಕಳು ನಮ್ಮ ಮನೆಮನೆಗಳಲ್ಲಿರುವ ಈ ದಿನಗಳಲ್ಲಿ ಇದು ನಾವು ತಿಳಿದುಕೊಳ್ಳಬೇಕಾದ ವಿಷಯ.

ಪೊಟ್ಟಣದ ಮಸಾಲೆ, ಅಮ್ಮನ ಮಸಾಲೆ

ಮುಕ್ತ ತಂತ್ರಾಂಶ ಎಂದರೇನು? ಅಂಗಡಿಯಿಂದ ತಂದ ಬಿರಿಯಾನಿ ಮಸಾಲೆಯ ಪೊಟ್ಟಣವನ್ನು ನೆನಪಿಸಿಕೊಳ್ಳಿ. ಅದರೊಳಗೆ ಯಾವುದು ಎಷ್ಟಿದೆ ಎಂಬುದು ಕಂಪೆನಿಯ ಗುಟ್ಟು. ಖಾರ ಹೆಚ್ಚಾಯಿತೆಂದರೆ ನೀವು ಏನೂ ಮಾಡುವಂತಿಲ್ಲ. ಆದರೆ ಅಮ್ಮ ಹೇಳಿಕೊಟ್ಟ ಮಸಾಲೆಯ ಲೆಕ್ಕ ಹಾಗಲ್ಲ. ಅದನ್ನು ನೀವು ಬದಲಿಸಬಹುದು, ನಾದಿನಿಗೆ ಕಲಿಸಬಹುದು, ನೆರೆಮನೆಯವರಿಗೆ ಬರೆದುಕೊಡಬಹುದು. ಅವರು ಅದನ್ನು ಇನ್ನಷ್ಟು ಚೆನ್ನಾಗಿಸಿ ನಿಮಗೇ ಮರಳಿ ಹೇಳಬಹುದು. ಬಹುತೇಕ ಕಂಪೆನಿಗಳ ತಂತ್ರಾಂಶ ಪೊಟ್ಟಣದ ಮಸಾಲೆಯಂತೆ. ಮುಕ್ತ ತಂತ್ರಾಂಶ ಅಮ್ಮನ ಮಸಾಲೆಯಂತೆ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇಂತಹ ತಂತ್ರಾಂಶಗಳನ್ನು ಕಟ್ಟುವ ಯೋಜನೆಯೊಂದನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದರು. ಅದರ ಸುತ್ತ ಜಗತ್ತಿನಾದ್ಯಂತ ಸ್ವಯಂಸೇವಕರ ಸಂಘಗಳು ಹುಟ್ಟಿಕೊಂಡವು. ಅವುಗಳಲ್ಲಿ ಹಳೆಯದೂ ದೊಡ್ಡದೂ ಆದ ಒಂದರ ಹೆಸರು ಡೆಬಿಯನ್.

ಮಹಿಳೆಯ ಹೆಸರಿನಿಂದ ಆರಂಭವಾದ ಸಂಘ

1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ಅಮೆರಿಕದ ಯುವಕ ಡೆಬಿಯನ್ ಯೋಜನೆಯನ್ನು ಘೋಷಿಸಿದ. ಲಿನಕ್ಸ್ ಮತ್ತು ಅದರೊಡನೆ ಬೇಕಾಗುವ ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ, ಪರೀಕ್ಷಿಸಿ, ಸಾಮಾನ್ಯರಿಗೆ ಬಳಸಲು ಸಿದ್ಧಗೊಳಿಸಿ ಕೊಡುವುದು ಇದರ ಕೆಲಸ. ಇದರ ಹೆಸರಿನಲ್ಲೊಂದು ಸ್ವಾರಸ್ಯವಿದೆ. ತಾನು ಮದುವೆಯಾಗಲಿದ್ದ ಡೆಬ್ರಾಳ ಹೆಸರನ್ನು ಮೊದಲಿಗಿಟ್ಟು, ತನ್ನ ಹೆಸರನ್ನು ಕೊನೆಗೆ ಸೇರಿಸಿ ಮರ್ಡಾಕ್ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟ. ಹೆಸರಿನ ಅರ್ಧ ಭಾಗ ಹೆಣ್ಣಿನದು. ಆದರೆ ಕೆಲಸದ ಅಂಗಳದಲ್ಲಿ ಹೆಣ್ಣಿನ ಪಾಲು ಅದರ ಹತ್ತಿರವೂ ಬರಲಿಲ್ಲ.

ಡೆಬಿಯನ್ ಯಾವುದೇ ಕಂಪೆನಿಯ ಸ್ವತ್ತಲ್ಲ. ಅದಕ್ಕೆ ಸುಮಾರು ಒಂದು ಸಾವಿರ ಅಧಿಕೃತ ಸದಸ್ಯರಿದ್ದಾರೆ. ಸದಸ್ಯರಲ್ಲದೆ ಸಹಾಯ ಮಾಡುವವರು ಇನ್ನೂ ಹೆಚ್ಚು. 2023ರಲ್ಲಿ ಹೊರಬಂದ ಅದರ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ತಂತ್ರಾಂಶದ ಕಟ್ಟುಗಳಿದ್ದವು. ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಹೆಸರು ಕೇಳಿರಬಹುದಾದ ಉಬುಂಟು ಕೂಡ ಡೆಬಿಯನ್ನಿನ ಅಡಿಪಾಯದ ಮೇಲೆಯೇ ನಿಂತಿದೆ. 2013ರಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪುಗಳಿಗೂ ಡೆಬಿಯನ್ನನ್ನು ಅಳವಡಿಸಲಾಯಿತು. ಸಂಬಳವಿಲ್ಲದ ಕೈಗಳ ಕೆಲಸ ಆಕಾಶಕ್ಕೂ ಮುಟ್ಟಿದೆ.

ಈ ಸಂಘಕ್ಕೆ 1998ರಲ್ಲಿ ಅಂಗೀಕರಿಸಿದ ಒಂದು ಸಂವಿಧಾನವಿದೆ. ಸಂಘಕ್ಕಾಗಿ ಕೆಲಸ ಮಾಡಲೇಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ ಎಂಬುದು ಅದರ ಒಂದು ಮುಖ್ಯ ನಿಯಮ. ವರ್ಷಕ್ಕೊಮ್ಮೆ ಸದಸ್ಯರು ಮತ ಹಾಕಿ ತಮ್ಮ ನಾಯಕರನ್ನು ಆರಿಸಿಕೊಳ್ಳುತ್ತಾರೆ.

ನೂರರಲ್ಲಿ ಮೂವರು

ಮಹಿಳೆಯರ ಪಾಲು ಎಷ್ಟು? ಯೂರೋಪಿಯನ್ ಒಕ್ಕೂಟದ ನೆರವಿನಿಂದ ನಡೆದ ಅಧ್ಯಯನವೊಂದರ ವರದಿ 2006ರಲ್ಲಿ ಹೊರಬಂತು. ಮುಕ್ತ ತಂತ್ರಾಂಶದ ಸಮುದಾಯಗಳಲ್ಲಿ ಮಹಿಳೆಯರ ಪ್ರಮಾಣ ಶೇ. 1.5 ಮಾತ್ರ ಎಂದು ಅದು ಹೇಳಿತು. ಅದೇ ಹೊತ್ತಿಗೆ ಸಂಬಳ ಕೊಡುವ ಕಂಪೆನಿಗಳ ತಂತ್ರಾಂಶ ಕೆಲಸದಲ್ಲಿ ಮಹಿಳೆಯರು ಶೇ. 28ರಷ್ಟಿದ್ದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಂಪ್ಯೂಟರ್ ಹೆಣ್ಣಿಗೆ ಒಲಿಯದ ವಿದ್ಯೆ ಎನ್ನುವುದಾದರೆ ಕಚೇರಿಗಳಲ್ಲಿಯೂ ಅವರು ಇರಬಾರದಿತ್ತು. ಸಂಬಳದ ಕಡೆ ನೂರಕ್ಕೆ 28, ಸೇವೆಯ ಕಡೆ ಇಬ್ಬರೂ ಇಲ್ಲ.

ಹನ್ನೊಂದು ವರ್ಷಗಳ ಬಳಿಕ, 2017ರಲ್ಲಿ, ತಂತ್ರಾಂಶ ಬರೆಯುವವರು ಸೇರುವ ಗಿಟ್‌ಹಬ್ ಎಂಬ ತಾಣ ಒಂದು ಸಮೀಕ್ಷೆ ನಡೆಸಿತು. ಉತ್ತರಿಸಿದವರಲ್ಲಿ ಶೇ. 95 ಗಂಡಸರು, ಶೇ. 3 ಮಹಿಳೆಯರು.

181 ಅರ್ಜಿಗಳ ಪಾಠ

ಮಹಿಳೆಯರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ ಎಂದು ಬಹಳ ಮಂದಿ ಹೇಳುತ್ತಿದ್ದರು. 2006ರಲ್ಲಿ ನಡೆದ ಒಂದು ಘಟನೆ ಆ ಮಾತಿಗೆ ಉತ್ತರ ಕೊಟ್ಟಿತು.

ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳನ್ನು ರೂಪಿಸುವ ಗ್ನೋಮ್ ಎಂಬ ಇನ್ನೊಂದು ಸ್ವಯಂಸೇವಾ ಯೋಜನೆಯಿದೆ. ಆ ವರ್ಷ ಗೂಗಲ್ ಕಂಪೆನಿಯ ಬೇಸಿಗೆ ತರಬೇತಿಯಡಿಯಲ್ಲಿ ವಿದ್ಯಾರ್ಥಿಗಳಿಗೆ ಸಹಾಯಧನ ಕೊಟ್ಟು ಕೆಲಸ ಕಲಿಸಲು ಗ್ನೋಮ್ ಮುಂದಾಯಿತು. 181 ಅರ್ಜಿಗಳು ಬಂದವು. ಒಂದೂ ಮಹಿಳೆಯದಲ್ಲ.

ಇದನ್ನು ಕಂಡು ಹನ್ನಾ ವಾಲಕ್ ಮತ್ತು ಕ್ರಿಸ್ ಬಾಲ್ ಎಂಬಿಬ್ಬರು ಗ್ನೋಮ್ ಸ್ವಯಂಸೇವಕರು ಸುಮ್ಮನಿರಲಿಲ್ಲ. ಅದೇ ಬೇಸಿಗೆಯಲ್ಲಿ ಮಹಿಳೆಯರಿಗಾಗಿಯೇ ಒಂದು ತರಬೇತಿಯನ್ನು ಘೋಷಿಸಿದರು. ಕೆಲಸ ಅದೇ, ಯೋಜನೆ ಅದೇ. ಬದಲಾದದ್ದು ಕರೆಯುವ ರೀತಿ ಒಂದೇ. "ನಿಮಗಾಗಿಯೇ ಈ ಸ್ಥಾನಗಳಿವೆ, ಬನ್ನಿ" ಎಂದು ಹೇಳಿದ್ದಷ್ಟೇ. ಈ ಬಾರಿ ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು! ಕೊನೆಗೆ ಆರು ಮಂದಿಯನ್ನು ಆರಿಸಲಾಯಿತು.

ಆಸಕ್ತಿಯಿಲ್ಲದವರು ಒಂದೇ ಬೇಸಿಗೆಯಲ್ಲಿ ನೂರು ಮಂದಿ ಹುಟ್ಟಿಕೊಳ್ಳುವುದುಂಟೇ? ಅವರು ಮೊದಲೂ ಇದ್ದರು. ತೆರೆದ ಬಾಗಿಲನ್ನು ಕಂಡು, ಇದು ನಮಗಲ್ಲ ಎಂದು ಹೊರಗೇ ನಿಂತಿದ್ದರು. ನಮ್ಮ ಕಡೆ ಮದುವೆ ಮನೆಗೆ ಹೋಗುವಾಗ ಗಮನಿಸಿ. ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಆದರೂ ಹೆಸರು ಹಿಡಿದು ಕರೆಯದೆ ಯಾರಾದರೂ ಹೋಗುತ್ತಾರೆಯೇ?

ತಡೆಯುವುದು ಯಾವುದು?

ಕರೆ ಇಲ್ಲದಿರುವುದು ಮೊದಲ ತಡೆ. ಎರಡನೆಯದು ಮಾತಿನ ಧಾಟಿ. ಸ್ವಯಂಸೇವಕರು ಒಬ್ಬರನ್ನೊಬ್ಬರು ನೋಡದೆ ಇ-ಮೇಲ್ ಮೂಲಕವೇ ಚರ್ಚಿಸುವಾಗ ನಾಲಿಗೆಗೆ ಕಡಿವಾಣ ಇರುವುದಿಲ್ಲ. ಹೊಸಬರ ಸಣ್ಣ ತಪ್ಪಿಗೆ ಬೈಗುಳ, ಹೆಣ್ಣಿನ ಹೆಸರು ಕಂಡರೆ ಕೀಳು ಹಾಸ್ಯ, ಇವನ್ನು ಹಲವು ವರ್ಷ ಈ ಲೋಕ ಸಹಜವೆಂಬಂತೆ ನಡೆಸಿಕೊಂಡು ಬಂತು. ಲಿನಕ್ಸ್‌ನ ಜನಕ ಟೊರ್ವಾಲ್ಡ್ಸ್ ಅವರೇ ಒರಟು ಮಾತಿಗೆ ಹೆಸರಾಗಿದ್ದರು. 2018ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ವರ್ತನೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ವೇಳೆಗೆ ಲಿನಕ್ಸ್ ಸಮುದಾಯ ಹೊಸ ನಡವಳಿಕೆ ಸಂಹಿತೆಯನ್ನು ಅಂಗೀಕರಿಸಿತು.

ಮೂರನೆಯ ತಡೆ ಹೆಸರಿನದು. ಗಿಟ್‌ಹಬ್‌ನಲ್ಲಿ ಮಹಿಳೆಯರು ಮತ್ತು ಪುರುಷರು ಕಳುಹಿಸಿದ ತಿದ್ದುಪಡಿಗಳಲ್ಲಿ ಎಷ್ಟು ಸ್ವೀಕೃತವಾಗುತ್ತವೆ ಎಂಬುದರ ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲೆಕ್ಕದಲ್ಲಿ ಮಹಿಳೆಯರ ತಿದ್ದುಪಡಿಗಳು ಶೇ. 78ಕ್ಕಿಂತ ತುಸು ಹೆಚ್ಚು ಸ್ವೀಕೃತವಾಗಿದ್ದರೆ, ಪುರುಷರದು ಶೇ. 74ಕ್ಕಿಂತ ತುಸು ಹೆಚ್ಚು. ಅಂದರೆ ಮಹಿಳೆಯರೇ ಮುಂದು. ಆದರೆ ಯೋಜನೆಗೆ ಹೊಸಬರಾದವರನ್ನು ಮಾತ್ರ ತೆಗೆದುಕೊಂಡು ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಕಳುಹಿಸಿದವರು ಹೆಣ್ಣೋ ಗಂಡೋ ಎಂದು ತಿಳಿಯದಿದ್ದಾಗ ಮಹಿಳೆಯರು ಮುಂದಿದ್ದರು. ಹೆಸರು ಅಥವಾ ಚಿತ್ರದಿಂದ ಹೆಣ್ಣೆಂದು ತಿಳಿದುಬಿಟ್ಟರೆ ಪುರುಷರಿಗಿಂತ ಹಿಂದೆ ಬಿದ್ದರು. ಕೆಲಸ ಅದೇ ಗುಣಮಟ್ಟದ್ದು. ನಡುವೆ ಬಂದದ್ದು ಹೆಸರು ಮಾತ್ರ. ಹೆಸರು, ಉಡುಪು ನೋಡಿಯೇ ಅಳೆಯುವ ಕಣ್ಣುಗಳ ಪರಿಚಯ ನಮ್ಮ ಓದುಗ ಸಹೋದರಿಯರಿಗೆ ಹೊಸದೇನಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಸಮಯ. ಸ್ವಯಂಸೇವೆ ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ. ಬಿಡುವು ಯಾರಿಗಿದೆ? ಕಚೇರಿಯಿಂದ ಬಂದ ಗಂಡಸಿಗೆ ಸಂಜೆ ಬಿಡುವು. ಅದೇ ಹೊತ್ತಿಗೆ ಮನೆಗೆ ಬಂದ ಹೆಂಗಸಿಗೆ ಎರಡನೆಯ ಪಾಳಿ ಆರಂಭ. ಒಲೆ, ಮಗುವಿನ ಪಾಠ, ನಾಳೆಯ ಬಟ್ಟೆ, ಹಿರಿಯರ ಔಷಧಿ. ಸಂಬಳವಿಲ್ಲದ ಕೆಲಸ ಮಾಡಲು ಮಹಿಳೆಗೆ ಬರುವುದಿಲ್ಲವೆಂದೇ? ಜಗತ್ತಿನ ಸಂಬಳವಿಲ್ಲದ ಕೆಲಸದ ಹೆಚ್ಚಿನ ಪಾಲನ್ನು ಹೊತ್ತವಳು ಅವಳೇ. ಅದು ಮುಗಿದ ಮೇಲೆ ಇನ್ನೊಂದಕ್ಕೆ ಉಳಿಯುವ ಗಂಟೆಗಳು ಬೆರಳೆಣಿಕೆಯಷ್ಟು.

ಮಹಿಳೆಯರೇ ಕಟ್ಟಿಕೊಂಡ ದಾರಿ

ಇಷ್ಟೆಲ್ಲ ಇದ್ದರೂ ಮಹಿಳೆಯರು ಕೈಕಟ್ಟಿ ಕೂರಲಿಲ್ಲ. 1998ರಲ್ಲಿ ಡೆಬ್ ರಿಚರ್ಡ್‌ಸನ್ ಎಂಬವರು ಲಿನಕ್ಸ್‌ಚಿಕ್ಸ್ ಎಂಬ ಮಹಿಳೆಯರ ಕೂಟವನ್ನು ಆರಂಭಿಸಿದರು. ಅದಕ್ಕಿದ್ದ ನಿಯಮಗಳು ಎರಡೇ. ಸೌಜನ್ಯದಿಂದಿರಿ, ನೆರವಾಗಿರಿ. ಯಾವ ಪ್ರಶ್ನೆಯನ್ನು ಕೇಳಿದರೂ ಅಲ್ಲಿ ನಗುವವರಿರಲಿಲ್ಲ.

2002ರಲ್ಲಿ ಲಿನಕ್ಸ್‌ನ ತಿರುಳಿನಲ್ಲಿ ಕೆಲಸ ಮಾಡುತ್ತಿದ್ದ ವ್ಯಾಲರಿ ಅರೋರಾ, ಮಹಿಳೆಯರನ್ನು ಪ್ರೋತ್ಸಾಹಿಸುವುದು ಹೇಗೆ ಎಂದು ಗಂಡಸರಿಗೆ ತಿಳಿಹೇಳುವ ಕೈಪಿಡಿಯೊಂದನ್ನು ಬರೆದರು. ಅಶ್ಲೀಲ ಹಾಸ್ಯ ಬೇಡ ಎಂಬಂತಹ ಮಾತುಗಳ ಜೊತೆ ಅದರಲ್ಲೊಂದು ಸಣ್ಣ ಸಲಹೆಯಿದೆ. ಹೆಣ್ಣುಮಗಳು ಕಲಿಯುತ್ತಿರುವಾಗ ಅವಳ ಕೈಯಿಂದ ಕೀಲಿಮಣೆಯನ್ನು ಕಸಿದುಕೊಳ್ಳಬೇಡಿ! "ಕೊಡು ಇಲ್ಲಿ, ನಾನೇ ಮಾಡುತ್ತೇನೆ" ಎನ್ನುವ ಅಣ್ಣಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ ಎಂದಾಯಿತು. ಆ ಕೆಲಸ ಅಂದಿಗೆ ಮುಗಿಯುತ್ತದೆ, ಆದರೆ ತಂಗಿ ಕಲಿಯುವುದಿಲ್ಲ.

2004ರಲ್ಲಿ ಡೆಬಿಯನ್ನಿನ ಒಳಗೆ ಡೆಬಿಯನ್ ವಿಮೆನ್ ಎಂಬ ತಂಡ ಹುಟ್ಟಿತು. ಹೊಸದಾಗಿ ಬರುವ ಮಹಿಳೆಗೆ ಒಬ್ಬ ಅನುಭವಿಯನ್ನು ಜೊತೆ ಮಾಡಿ, ಮೊದಲ ಕೆಲಸ ಮುಗಿಯುವ ತನಕ ಕೈಹಿಡಿದು ನಡೆಸುವುದು ಅದರ ಕ್ರಮ.

2006ರ ಗ್ನೋಮ್ ತರಬೇತಿ ಒಂದೇ ಬೇಸಿಗೆಗೆ ನಿಂತುಹೋಗಿತ್ತು. 2010ರಲ್ಲಿ ಮರೀನಾ ಝುರಾಖಿನ್‌ಸ್ಕಾಯಾ ಅದಕ್ಕೆ ಮರುಜೀವ ಕೊಟ್ಟರು. ಬೇರೆ ಯೋಜನೆಗಳೂ ಅದಕ್ಕೆ ಸೇರಿದವು. 2015ರಲ್ಲಿ ಅದು ಔಟ್‌ರೀಚಿ ಎಂಬ ಹೆಸರು ಪಡೆಯಿತು. ಮನೆಯಿಂದಲೇ ಮೂರು ತಿಂಗಳ ಕೆಲಸ, ಮಾರ್ಗದರ್ಶಕರ ನೆರವು, ಜೊತೆಗೆ ಗೌರವಯುತ ಸಂಭಾವನೆ ಎಂಬ ಅದರ ಕ್ರಮದಿಂದ ಭಾರತದ ಹೆಣ್ಣುಮಕ್ಕಳೂ ಪ್ರಯೋಜನ ಪಡೆದರು. ಸಮಯವಿಲ್ಲದವರಿಗೆ ಸಂಭಾವನೆ ಕೊಟ್ಟು ಸಮಯವನ್ನು ಒದಗಿಸಿದ್ದು ಇದರ ಜಾಣತನ.

ಸಂಘಗಳ ಒಳಗೂ ನಿಯಮಗಳು ಬದಲಾದವು. ಮೊದಲು ಡೆಬಿಯನ್ನಿನಲ್ಲಿ ತಂತ್ರಾಂಶದ ಕಟ್ಟುಗಳನ್ನು ನೋಡಿಕೊಳ್ಳುವವರಿಗೆ ಮಾತ್ರ ಸದಸ್ಯತ್ವ ಎಂಬ ಭಾವನೆಯಿತ್ತು. ಅನುವಾದ ಮಾಡುವವರು, ಕೈಪಿಡಿ ಬರೆಯುವವರು, ಚಿತ್ರ ರಚಿಸುವವರು, ಸಮ್ಮೇಳನ ನಡೆಸುವವರು ಎಷ್ಟು ದುಡಿದರೂ ಮತದ ಹಕ್ಕಿಲ್ಲದೆ ಹೊರಗಿರುತ್ತಿದ್ದರು. 2010ರಲ್ಲಿ ಸದಸ್ಯರು ಮತ ಹಾಕಿ, ಇಂತಹ ಕೆಲಸ ಮಾಡುವವರನ್ನೂ ಪೂರ್ಣ ಸದಸ್ಯರಾಗಿ ಸ್ವಾಗತಿಸಲು ತೀರ್ಮಾನಿಸಿದರು. ಅಡುಗೆ ಮಾಡಿದವರಿಗೆ ಮಾತ್ರವಲ್ಲ, ಪಾತ್ರೆ ತೊಳೆದವರಿಗೂ ಪಂಕ್ತಿಯಲ್ಲಿ ಜಾಗ ಸಿಕ್ಕಿತು. 2012ರಲ್ಲಿ ಎಲ್ಲ ಬಗೆಯ ಜನರಿಗೂ ಸ್ವಾಗತವೆಂಬ ಹೇಳಿಕೆಯನ್ನು, 2014ರಲ್ಲಿ ನಡವಳಿಕೆ ಸಂಹಿತೆಯನ್ನು ಸದಸ್ಯರ ಮತದಿಂದಲೇ ಅಂಗೀಕರಿಸಲಾಯಿತು.

ಚುನಾವಣೆಯ ಕಣದಲ್ಲಿ

ಇನ್ನು ನಾಯಕತ್ವದ ವಿಷಯಕ್ಕೆ ಬರೋಣ. ಡೆಬಿಯನ್ನಿನ ಚುನಾವಣೆ ನಮ್ಮ ಊರಿನ ಚುನಾವಣೆಯಂತಲ್ಲ. ಮೊದಲ ಒಂದು ವಾರ ಆಸಕ್ತರು ತಮ್ಮ ಹೆಸರನ್ನು ತಾವೇ ಸೂಚಿಸಬೇಕು. ನಂತರದ ಮೂರು ವಾರ ಪ್ರಚಾರ. ಬ್ಯಾನರಿಲ್ಲ, ಊಟವಿಲ್ಲ. ಅಭ್ಯರ್ಥಿ ತಾನು ಏನು ಮಾಡಬಯಸುತ್ತೇನೆ ಎಂದು ಬರೆದು ಪ್ರಕಟಿಸಬೇಕು. ಸದಸ್ಯರು ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ಎಲ್ಲರೆದುರು ಉತ್ತರಿಸಬೇಕು. ಕೊನೆಯ ಎರಡು ವಾರ ಮತದಾನ.

ಮತ ಹಾಕುವ ಕ್ರಮವೂ ವಿಶಿಷ್ಟ. ಒಬ್ಬರಿಗೆ ಮಾತ್ರ ಗುರುತು ಹಾಕುವುದಲ್ಲ. ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡಬಹುದು. ಎಣಿಕೆಯಲ್ಲಿ ಪ್ರತಿಯೊಬ್ಬರನ್ನೂ ಉಳಿದ ಒಬ್ಬೊಬ್ಬರೊಡನೆ ಹೋಲಿಸಿ, ಹೆಚ್ಚು ಜನ ಯಾರನ್ನು ಮೇಲಿಟ್ಟಿದ್ದಾರೆ ಎಂದು ನೋಡುತ್ತಾರೆ. "ಇವರಲ್ಲಿ ಯಾರೂ ಬೇಡ" ಎಂಬ ಸಾಲೂ ಮತಪತ್ರದಲ್ಲಿರುತ್ತದೆ. ಒಬ್ಬರೇ ನಿಂತರೂ ಆ ಸಾಲನ್ನು ಸೋಲಿಸಿಯೇ ಗೆಲ್ಲಬೇಕು. ಗೆದ್ದವರಿಗೆ ಒಂದು ವರ್ಷದ ಅಧಿಕಾರ. ಸಂಬಳವಿಲ್ಲ, ಯಾರಿಗೂ ಅಪ್ಪಣೆ ಕೊಡುವಂತಿಲ್ಲ. ಹೊಣೆಗಳನ್ನು ಹಂಚುವುದು, ಸಂಘದ ಹಣದ ಖರ್ಚನ್ನು ನಿರ್ಧರಿಸುವುದು, ಹೊರಜಗತ್ತಿನ ಮುಂದೆ ಸಂಘದ ಪರವಾಗಿ ಮಾತಾಡುವುದು ನಾಯಕರ ಕೆಲಸ.

1999ರಿಂದ 2009ರ ತನಕ ಈ ಮತಪತ್ರದಲ್ಲಿ ಒಬ್ಬ ಮಹಿಳೆಯ ಹೆಸರೂ ಇರಲಿಲ್ಲ. 2010ರಲ್ಲಿ ಅರ್ಜೆಂಟೀನಾದ ಮಾರ್ಗರಿಟಾ ಮಾಂಟೆರೋಲಾ ಮೊದಲ ಬಾರಿಗೆ ಕಣಕ್ಕಿಳಿದರು. 2008ರಲ್ಲಿ ತಮ್ಮ ದೇಶದ ಮಾರ್ ದೆಲ್ ಪ್ಲಾತಾ ನಗರದಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ನಡೆಸಿದ ತಂಡದಲ್ಲಿ ದುಡಿದವರು ಅವರು. ಚುನಾವಣೆಯಲ್ಲಿ ಇಟಲಿಯ ಸ್ಟೆಫಾನೊ ಝಾಕಿರೋಲಿ ಗೆದ್ದರು. ಆದರೆ ಮಾಂಟೆರೋಲಾ ಸೋತು ಮನೆ ಸೇರಲಿಲ್ಲ. ಮುಂದೆ ಸಂಘದ ತಾಂತ್ರಿಕ ವಿವಾದಗಳಲ್ಲಿ ಕೊನೆಯ ತೀರ್ಮಾನ ಕೊಡುವ ತಾಂತ್ರಿಕ ಸಮಿತಿಯ ಸದಸ್ಯೆಯೂ ಅಧ್ಯಕ್ಷೆಯೂ ಆದರು.

ಅವರ ನಂತರ ಮತ್ತೆ ಹತ್ತು ವರ್ಷ ಮೌನ. 2020ರಲ್ಲಿ ಆ ಮೌನವನ್ನು ಮುರಿದವರು ನಮ್ಮ ನೆರೆಯ ಕೇರಳದ ಶ್ರುತಿ ಚಂದ್ರನ್. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಮುಕ್ತ ತಂತ್ರಾಂಶದಲ್ಲಿ. ಆ ನಾಡಿನಿಂದ ಇಂತಹವರೊಬ್ಬರು ಬಂದದ್ದು ಆಶ್ಚರ್ಯವಲ್ಲ. ಆದರೆ ಶ್ರುತಿ ಎಂಜಿನಿಯರಿಂಗ್ ದಾರಿಯಿಂದ ಬಂದವರಲ್ಲ. ಗ್ರಂಥಪಾಲಕಿಯಾಗಿದ್ದು ಮುಕ್ತ ತಂತ್ರಾಂಶದ ಕಡೆಗೆ ಹೊರಳಿದವರು. ತಂತ್ರಾಂಶದ ಕಟ್ಟುಗಳನ್ನು, ಫಾಂಟುಗಳನ್ನು ಸಿದ್ಧಗೊಳಿಸುತ್ತ ಡೆಬಿಯನ್ನಿನ ಸದಸ್ಯತ್ವ ಪಡೆದರು. ತಾನು ಸ್ಪರ್ಧಿಸುವ ಮುಖ್ಯ ಕಾರಣವನ್ನು ಅವರು ಮುಚ್ಚಿಡಲಿಲ್ಲ. ಸಂಘದಲ್ಲಿ ಮಹಿಳೆಯರೂ ಇತರ ಹಿಂದುಳಿದವರೂ ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆ ಚರ್ಚೆಯ ಮುನ್ನೆಲೆಗೆ ಬರಬೇಕು, ಅದಕ್ಕಾಗಿ ನಿಂತಿದ್ದೇನೆ ಎಂದರು.

2020ರಲ್ಲಿ ದಕ್ಷಿಣ ಆಫ್ರಿಕಾದ ಜೊನಾಥನ್ ಕಾರ್ಟರ್ ಗೆದ್ದರು. ಶ್ರುತಿ 2021ರಲ್ಲಿ ಮತ್ತೆ ನಿಂತರು, ಕಾರ್ಟರ್ ಪುನರಾಯ್ಕೆಯಾದರು. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಜಾಗತಿಕ ಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ, ಕೊಚ್ಚಿಗೆ ಬಂದಾಗ ಅದರ ಸಂಘಟಕರ ಮುಂಚೂಣಿಯಲ್ಲಿ ಶ್ರುತಿ ಇದ್ದರು. 2024ರಲ್ಲಿ ಮೂರನೆಯ ಬಾರಿ, 2025ರಲ್ಲಿ ನಾಲ್ಕನೆಯ ಬಾರಿ ಸ್ಪರ್ಧಿಸಿದರು. ಎರಡೂ ಸಲ ಜರ್ಮನಿಯ ಆಂಡ್ರಿಯಾಸ್ ಟಿಲ್ಲೆ ಆಯ್ಕೆಯಾದರು. 1999ರಿಂದ 2025ರ ವರೆಗಿನ ಅಷ್ಟೂ ಚುನಾವಣೆಗಳಲ್ಲಿ ಕಣಕ್ಕಿಳಿದ ಮಹಿಳೆಯರು ಈ ಇಬ್ಬರೇ. ಗೆದ್ದವರು ಯಾರೂ ಇಲ್ಲ.

ನಾಲ್ಕು ಬಾರಿ ನಿಂತು ಸಿಕ್ಕಿದ್ದೇನು ಎಂದು ಕೇಳುವವರಿದ್ದಾರೆ. ಪ್ರಚಾರದ ಮೂರು ವಾರಗಳಲ್ಲಿ ಅಭ್ಯರ್ಥಿ ಎತ್ತಿದ ವಿಷಯವನ್ನು ಇಡೀ ಸಂಘ ಚರ್ಚಿಸಲೇಬೇಕಾಗುತ್ತದೆ. ಎದುರಾಳಿಗಳೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಅಂಚಿನಲ್ಲಿ ಗುನುಗುತ್ತಿದ್ದ ಮಾತು ನಾಲ್ಕು ಬಾರಿ ಸಭೆಯ ನಡುವೆ ಬಂತು. ಮತಪತ್ರದಲ್ಲಿ ಹೆಣ್ಣಿನ ಹೆಸರನ್ನು ಕಂಡ ಹೊಸ ಹುಡುಗಿಗೆ, ಇಲ್ಲಿ ನಿಲ್ಲಲೂ ಬಹುದು ಎಂಬುದು ತಿಳಿಯಿತು.

ಒಂದೇ ಕುರ್ಚಿ, ಐದು ಕುರ್ಚಿ

ಇನ್ನೊಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಮಕ್ಕಳು ಕಾಲೇಜಿನಲ್ಲಿ ಕಲಿಯುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 1991ರಲ್ಲಿ ಬಿಡುಗಡೆಯಾಯಿತು. ಅದನ್ನು ತಿದ್ದುವ ಅಧಿಕಾರವಿರುವ ಮೂಲ ತಂಡಕ್ಕೆ ಮೊದಲ ಮಹಿಳೆ, ಮರಿಯಾಟಾ ವಿಜಯಾ, ಸೇರಿದ್ದು 2017ರಲ್ಲಿ. ಅಂದರೆ 26 ವರ್ಷಗಳ ನಂತರ. ಅದಕ್ಕೂ ಒಂದು ಹಿನ್ನೆಲೆಯಿದೆ. ಆ ಭಾಷೆಯ ಜನಕ ಗೈಡೊ ವಾನ್ ರೋಸಮ್ ಅದಕ್ಕೂ ಮುಂಚೆ ಸಮ್ಮೇಳನವೊಂದರಲ್ಲಿ, ತಂಡಕ್ಕೆ ಮಹಿಳೆಯರು ಬೇಕು, ಅವರಿಗೆ ನಾನೇ ಕಲಿಸಲು ಸಿದ್ಧ ಎಂದು ಬಹಿರಂಗವಾಗಿ ಹೇಳಿದ್ದರು. ಇಲ್ಲಿಯೂ ಬಾಗಿಲು ದಾಟಿಸಿದ್ದು ಕರೆಯೇ.

2018ರಲ್ಲಿ ಗೈಡೊ ಯಜಮಾನಿಕೆಯಿಂದ ಕೆಳಗಿಳಿದರು. ಮೂಲ ತಂಡದವರು ಇನ್ನೊಬ್ಬ ಯಜಮಾನನನ್ನು ಹುಡುಕುವ ಬದಲು ಐದು ಮಂದಿಯ ಸಮಿತಿಯನ್ನು ಆರಿಸುವ ಕ್ರಮವನ್ನು ತಂದರು. 2019ರಲ್ಲಿ ಆಯ್ಕೆಯಾದ ಮೊದಲ ಸಮಿತಿಯಲ್ಲೇ ಕ್ಯಾರಲ್ ವಿಲ್ಲಿಂಗ್ ಎಂಬ ಮಹಿಳೆ ಇದ್ದರು. ಮುಂದಿನ ಎರಡು ಸಮಿತಿಗಳಿಗೂ ಅವರು ಆರಿಸಿ ಬಂದರು. ಒಂದೇ ಕುರ್ಚಿಗೆ ಸ್ಪರ್ಧೆ ನಡೆದಾಗ ಜನ ತಮಗೆ ಬಹುಕಾಲದಿಂದ ಪರಿಚಿತರಾದವರನ್ನೇ ಆರಿಸುತ್ತಾರೆ. ಕುರ್ಚಿ ಐದಾದಾಗ ಹೊಸ ಮುಖಕ್ಕೂ ಒಂದು ಸಿಗುವ ಸಾಧ್ಯತೆ ಹೆಚ್ಚು. ಶಾಲಾ ಸಮಿತಿ, ಸಂಘ, ಟ್ರಸ್ಟುಗಳನ್ನು ನಡೆಸುವವರು ಗಮನಿಸಬೇಕಾದ ಅಂಶವಿದು.

ಯೋಗ್ಯತೆಯೊಂದೇ ಸಾಲದೇ?

ಕೆಲಸ ನೋಡಿ ಮತ ಹಾಕಬೇಕು, ಹೆಣ್ಣು ಗಂಡು ಎಂದು ಏಕೆ ಲೆಕ್ಕ ಹಾಕಬೇಕು ಎಂದು ಕೇಳುವವರ ಮಾತಿನಲ್ಲಿ ತಥ್ಯವಿದೆ. ಹೆಣ್ಣೆಂಬ ಒಂದೇ ಕಾರಣಕ್ಕೆ ಮತ ಕೊಡಿ ಎಂದು ಯಾವ ಸ್ವಾಭಿಮಾನಿ ಮಹಿಳೆಯೂ ಕೇಳುವುದಿಲ್ಲ. ಆದರೆ ಯೋಗ್ಯತೆ ಕಾಣಬೇಕಾದರೆ ಮೊದಲು ಅವಕಾಶ ಸಿಗಬೇಕು. ಡೆಬಿಯನ್ ಸದಸ್ಯತ್ವದ ಒಂದು ಪದ್ಧತಿಯನ್ನೇ ನೋಡಿ. ಈಗಾಗಲೇ ಸದಸ್ಯರಾಗಿರುವವರನ್ನು ಮುಖತಾ ಭೇಟಿಯಾಗಿ, ಗುರುತಿನ ಚೀಟಿ ತೋರಿಸಿ, ತಾನು ಯಾರೆಂದು ಖಚಿತಪಡಿಸಿಕೊಳ್ಳುವುದು ಅಲ್ಲಿನ ರೂಢಿ. ವಂಚಕರನ್ನು ದೂರವಿಡಲು ಇದು ಒಳ್ಳೆಯ ಕ್ರಮವೇ. ಆದರೆ ಬೆಂಗಳೂರಿನ ಯುವಕ ಒಂದು ಭಾನುವಾರ ಬೈಕ್ ಏರಿ ಮುಗಿಸುವ ಈ ಕೆಲಸ, ಎರಡು ವರ್ಷದ ಮಗುವಿರುವ ಭಟ್ಕಳದ ತಾಯಿಗೆ ಎಷ್ಟು ಕಷ್ಟ! ನಿಯಮ ಇಬ್ಬರಿಗೂ ಒಂದೇ. ಭಾರ ಒಂದೇ ಅಲ್ಲ. ಇಂತಹ ಸಂಗತಿಗಳು ಭಾರ ಹೊರುವವರಿಗೇ ಮೊದಲು ಕಾಣುತ್ತವೆ. ನಿರ್ಧರಿಸುವ ಜಾಗದಲ್ಲಿ ಮಹಿಳೆ ಬೇಕು ಎನ್ನುವುದು ಅದಕ್ಕಾಗಿ.

ನಮ್ಮ ಮನೆಗಳಿಗೆ ಇದರಲ್ಲಿ ಏನಿದೆ?

ಬಿಸಿಎ, ಬಿಎಸ್ಸಿ, ಎಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳು ಇಂದು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಒಳ್ಳೆಯ ಅಂಕಗಳೊಂದಿಗೆ ಪಾಸಾಗುತ್ತಾರೆ. ಮದುವೆಯಾಗುತ್ತದೆ, ಮಗುವಾಗುತ್ತದೆ. ಪದವಿಯ ಪ್ರಮಾಣಪತ್ರ ಕಪಾಟಿನಲ್ಲಿ ಸೀರೆಗಳ ಅಡಿಗೆ ಸೇರುತ್ತದೆ. ಐದು ವರ್ಷಗಳ ನಂತರ ಕೆಲಸಕ್ಕೆ ಹೋಗಬೇಕೆಂದರೆ, ಈ ಐದು ವರ್ಷ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಮಾಡಿದ ಪ್ರತಿಯೊಂದು ಕೆಲಸವೂ ಮಾಡಿದವರ ಹೆಸರು ಮತ್ತು ದಿನಾಂಕದೊಡನೆ ಎಲ್ಲರಿಗೂ ಕಾಣುವಂತೆ ದಾಖಲಾಗಿರುತ್ತದೆ. ವಾರಕ್ಕೆ ಮೂರು ನಾಲ್ಕು ಗಂಟೆ ಕೊಟ್ಟವಳಿಗೂ ತೋರಿಸಲು ಏನಾದರೂ ಇರುತ್ತದೆ.

ಆರಂಭಿಸಲು ಪ್ರೋಗ್ರಾಮಿಂಗ್ ಬಲ್ಲವರೇ ಆಗಬೇಕೆಂದಿಲ್ಲ. ನೀವು ಬಳಸುವ ತಂತ್ರಾಂಶದಲ್ಲಿ ಕಂಡ ದೋಷವನ್ನು, ಅದು ಯಾವಾಗ ಹೇಗೆ ಕಾಣಿಸಿಕೊಂಡಿತು ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದೂ ಒಂದು ಸೇವೆ. ಕೈಪಿಡಿಗಳನ್ನು ತಿದ್ದುವುದು ಇನ್ನೊಂದು. ಮತ್ತೊಂದು, ನಮಗೆ ತೀರಾ ಹತ್ತಿರದ್ದು, ಅನುವಾದ. ಕಂಪ್ಯೂಟರಿಗೆ ಡೆಬಿಯನ್ ಹಾಕುವಾಗಲೇ ಕನ್ನಡವನ್ನು ಆರಿಸಿಕೊಳ್ಳಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಅದರಲ್ಲಿವೆ. ಗ್ನೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಕಾಣುವ ಕನ್ನಡದ ಹಿಂದೆ ಸ್ವಯಂಸೇವಕರ ಶ್ರಮವಿದೆ. ಹೊಸ ಆವೃತ್ತಿ ಬಂದಂತೆಲ್ಲ ಹೊಸ ಸಾಲುಗಳು ಸೇರುತ್ತವೆ. ಅವನ್ನು ಕನ್ನಡಕ್ಕೆ ತರುವ ಕೈಗಳು ಯಾವಾಗಲೂ ಸಾಲುವುದಿಲ್ಲ. ಶುದ್ಧವಾದ, ಸರಳವಾದ ಕನ್ನಡ ಬರೆಯಬಲ್ಲ ಗೃಹಿಣಿಯೊಬ್ಬಳಿಗೆ ಅಲ್ಲಿ ಕೆಲಸ ಕಾದಿದೆ.

ಆದರೆ ಇದರಿಂದ ನಾಳೆಯೇ ಸಂಪಾದನೆ ಎಂದು ಭ್ರಮಿಸಬಾರದು. ಕಲಿಯಲು ತಿಂಗಳುಗಳು ಬೇಕು. ಮೊದಲ ತಿದ್ದುಪಡಿ ಮರಳಿ ಬರಬಹುದು, ಒರಟು ಉತ್ತರವೂ ಸಿಗಬಹುದು. ಆದ್ದರಿಂದ ನಡವಳಿಕೆ ಸಂಹಿತೆ ಇರುವ, ಹೊಸಬರಿಗೆ ಮಾರ್ಗದರ್ಶನ ನೀಡುವ ಯೋಜನೆಯನ್ನೇ ಆರಿಸಿಕೊಳ್ಳುವುದು ಮೇಲು. ಒಬ್ಬಳೇ ಆರಂಭಿಸುವುದಕ್ಕಿಂತ ಗೆಳತಿಯರಿಬ್ಬರು ಸೇರಿ ಆರಂಭಿಸಿದರೆ ಇನ್ನೂ ಮೇಲು.

ಮನೆಯವರಿಗೂ ಇದರಲ್ಲಿ ಪಾಲಿದೆ. ಸೊಸೆ ಲ್ಯಾಪ್‌ಟಾಪಿನ ಮುಂದೆ ಕುಳಿತರೆ ಕಾಲಹರಣ, ಮಗ ಕುಳಿತರೆ ಓದು ಎನ್ನುವ ಲೆಕ್ಕವನ್ನು ಬಿಡಬೇಕು. ವಾರದಲ್ಲಿ ಎರಡು ಸಂಜೆ ಮಗುವನ್ನು ಅತ್ತೆಯೋ ಗಂಡನೋ ನೋಡಿಕೊಂಡರೆ ಆ ಎರಡು ಗಂಟೆಗಳೇ ಅವಳ ಬಂಡವಾಳ. ಇಷ್ಟು ವರ್ಷ ಗಂಡಸರು ಮಾಡಿದ ಸ್ವಯಂಸೇವೆಯ ಹಿಂದೆಯೂ, ಅವರಿಗೆ ಆ ಬಿಡುವನ್ನು ಒದಗಿಸಿಕೊಟ್ಟ ತಾಯಿ, ಮಡದಿ, ಸಹೋದರಿಯರು ಇದ್ದರು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಈಗ ಆ ಸಾಲವನ್ನು ತೀರಿಸುವ ಸರದಿ ಗಂಡಸರದು.

ಸಹೋದರಿಯರೇ, 2006ರಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರು ಹೊರಗೆ ನಿಂತು ಒಂದು ಕರೆಗಾಗಿ ಕಾಯುತ್ತಿದ್ದರು. ಆ ಕರೆ ನಿಮ್ಮ ಮನೆಯ ಹುಡುಗಿಗೆ ಅಮೆರಿಕದಿಂದಲೇ ಬರಬೇಕೆಂದಿಲ್ಲ. ನಿಮ್ಮ ಮಗಳು, ಸೊಸೆ, ನಾದಿನಿ ಕಂಪ್ಯೂಟರ್ ಕಲಿತು ಸುಮ್ಮನಿದ್ದರೆ ಒಂದು ಮಾತು ಕೇಳಿ ನೋಡಿ, "ನೀನು ಇದನ್ನು ಮಾಡಿ ನೋಡುವೆಯಾ?" ಅವಳು ಕೀಲಿಮಣೆಯ ಮುಂದೆ ಕುಳಿತಾಗ ತಡವರಿಸಿದರೂ ಪರವಾಗಿಲ್ಲ. ಅದನ್ನು ಅವಳ ಕೈಯಿಂದ ಯಾರೂ ಕಸಿದುಕೊಳ್ಳದಂತೆ ನೋಡಿಕೊಳ್ಳಿ.